ಹೈದರಾಬಾದಿನ ಕಾಗೆಗೆ ಎರಡು ಗಂಟಲು

ಹೈದರಾಬಾದಿನಲ್ಲಿ ರೇವನ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಚ್ಚಿಬೌಲಿ, ಕೊಂಡಾಪುರ, ಜೂಬಿಲಿ ಹಿಲ್ಸ್ ಕಡೆ ಹೊಸದಾಗಿ ಬೈನಾಕ್ಯುಲರ್ ಕೊಂಡವರಲ್ಲಿ ಒಬ್ಬರಾದರೂ ಸಿಕ್ಕಿ, "ನಿನ್ನೆ ನಮ್ಮ ಬಾಲ್ಕನಿಗೆ ರೇವನ್ ಬಂದಿತ್ತು ಸಾರ್, ಮೈಯೆಲ್ಲ ಕಪ್ಪು, ಈ ಗಾತ್ರ, ದನಿಯಂತೂ ಕೇಳಲೇಬೇಡಿ" ಎನ್ನುತ್ತಾರೆ. ಅವರು ಕಾಗೆ ಹಾರಿಸುತ್ತಿಲ್ಲ. ಕಂಡದ್ದು ನಿಜ, ಕೇಳಿದ್ದೂ ನಿಜ. ಹೆಸರು ಮಾತ್ರ ಇಂಗ್ಲಿಷ್ ಧಾರಾವಾಹಿಗಳಿಂದ ಬಂದದ್ದು. ಲಂಡನ್ ಟವರಿನಲ್ಲಿ ಸಾಕುವ ಹಕ್ಕಿ, ಭೂತದ ಸಿನಿಮಾದಲ್ಲಿ ಗೋರಿಯ ಮೇಲೆ ಕೂರುವ ಹಕ್ಕಿ ಎಲ್ಲವೂ ರೇವನ್ನೇ. ಶಾಲೆಯ ಪುಸ್ತಕದಲ್ಲಿ ಕತ್ತು ಬೂದಾಗಿರುವುದು ಕಾಗೆ ಎಂದು ಓದಿದ ಮಗು, ಪೂರ್ತಿ ಕರ್ರಗಿನ ದೊಡ್ಡ ಹಕ್ಕಿ ಕಂಡಾಗ ಇನ್ನೇನೆಂದು ಕರೆದೀತು?

ಅವರ ಬಾಲ್ಕನಿಗೆ ಬಂದದ್ದು ಕಾಡುಕಾಗೆ. ತೆಲುಗರು ಅದನ್ನು ಬೊಂತಕಾಕಿ ಎನ್ನುತ್ತಾರೆ. ಹಳೇ ಊರಿನ ದಖ್ಖನಿ ಮಾತಿನಲ್ಲಿ ಎರಡೂ ಕವ್ವಾನೇ. ನಗರದಲ್ಲಿ ನಮ್ಮ ಜೊತೆ ಬದುಕುವ ಕಾಗೆಗಳು ಈ ಎರಡೇ: ಕತ್ತು, ಎದೆ ಬೂದು ಬಣ್ಣವಿರುವ ಊರುಕಾಗೆ ಮತ್ತು ಕೊಕ್ಕಿನಿಂದ ಬಾಲದವರೆಗೆ ಕಪ್ಪಾದ ಕಾಡುಕಾಗೆ. ಊರುಕಾಗೆ ಉದ್ದದಲ್ಲಿ 40 ಸೆಂಟಿಮೀಟರ್, ತೂಕದಲ್ಲಿ 300 ಗ್ರಾಂ ಆಸುಪಾಸು. ಕಾಡುಕಾಗೆ ಅದಕ್ಕಿಂತ ದಪ್ಪ, ಹಣೆಯಿಂದ ಕಮಾನಾಗಿ ಇಳಿಯುವ ದೊಡ್ಡ ಕೊಕ್ಕು. ರೇವನ್ ಬೇಕೆಂದರೆ ರಾಜಸ್ಥಾನದ ಬಿಕಾನೇರ್ ಕಡೆಯ ಮರಳುಸೀಮೆಗೆ ಹೋಗಬೇಕು, ಇಲ್ಲವೇ ಲಡಾಖಿನ ಎತ್ತರಕ್ಕೆ. ಅದು 60 ಸೆಂಟಿಮೀಟರಿಗೂ ಉದ್ದ, ಒಂದು ಕೆ.ಜಿ.ಗೂ ಭಾರ. ಹಾರುವಾಗ ಬಾಲದ ತುದಿ ಬೆಣೆಯಂತೆ ಚೂಪಾಗಿ ಕಾಣುತ್ತದೆ. ಅದರ ಕೂಗು ಕೇಳಿದವರು ಮತ್ತೆ ಕಾಡುಕಾಗೆಯನ್ನು ರೇವನ್ ಎನ್ನುವುದಿಲ್ಲ. ಅದರಲ್ಲಿ 'ಕಾ' ಎಂಬುದೇ ಇಲ್ಲ. ಗಂಟಲಿನ ಆಳದಿಂದ 'ಪ್ರುಕ್… ಪ್ರುಕ್' ಎಂದು ಉರುಳಿ ಬರುವ ದನಿ ಅದು.

ಆದ್ದರಿಂದ ನಮ್ಮ ಊರಿನ ಪ್ರಶ್ನೆ ರೇವನ್ನೋ ಕಾಗೆಯೋ ಎಂಬುದಲ್ಲ, ಯಾವ ಕಾಗೆ ಎಂಬುದು. ಇದನ್ನು ಕಣ್ಣಿಗಿಂತ ಕಿವಿ ಬೇಗ ಹೇಳುತ್ತದೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮವೊಂದು ಮುಗಿದು ಚಹಾಕ್ಕೆ ನಿಂತಿದ್ದಾಗ ರಾಯಚೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೇಳಿದ ಮಾತು ನನಗೆ ಪಕ್ಷಿಶಾಸ್ತ್ರದ ಎಷ್ಟೋ ಪುಟಗಳಿಗಿಂತ ಉಪಯೋಗಕ್ಕೆ ಬಂತು. "ಕಾಗಿ ಕೂಗೋದು ಕೇಳ್ರಿ ಮೊದ್ಲ, ಬಣ್ಣ ಆಮ್ಯಾಲ ನೋಡೂಣಂತ. ನಮ್ಮೂರಾಗ ಓಣ್ಯಾಗಿನ ಕಾಗಿ ಬ್ಯಾರೆ, ಹೊಲದಾಗಿನ ಕಾಗಿ ಬ್ಯಾರೆ. ಮುಂಜಾನಿ ಹಾಸಿಗ್ಯಾಗ ಮಲಗೇ ಹೇಳತಿದ್ರು ನಮ್ಮವ್ವ." ಹೊಲದ ಕಾಗೆ ಎಂದರೆ ಅವರ ಲೆಕ್ಕದಲ್ಲಿ ಕಾಡುಕಾಗೆ. ಊರುಕಾಗೆ ಮನುಷ್ಯನ ಬೆನ್ನು ಬಿಟ್ಟು ಬದುಕುವುದೇ ಇಲ್ಲ. ಕಾಡುಕಾಗೆ ಕಾಡಿನಲ್ಲೂ ಇರುತ್ತದೆ, ಹೊಲದಲ್ಲೂ ಇರುತ್ತದೆ, ಮರವೊಂದು ಉಳಿದಿದ್ದರೆ ಪೇಟೆಗೂ ಬರುತ್ತದೆ.

ಬೆಳಕು ಹರಿಯುವ ಮುಂಚೆ ಕೆ.ಬಿ.ಆರ್. ರಾಷ್ಟ್ರೀಯ ಉದ್ಯಾನದ ಹೊರಸುತ್ತಿನ ಕಾಲುದಾರಿಯಲ್ಲಿ ನಡೆಯುವವರಿಗೆ ಎರಡೂ ದನಿ ಒಟ್ಟಿಗೆ ಸಿಗುತ್ತವೆ. ಒಂದು ಪಕ್ಕ ಸುಮಾರು 390 ಎಕರೆಯ ಕುರುಚಲು ಕಾಡು, ಬಂಡೆ, ನವಿಲು. ಇನ್ನೊಂದು ಪಕ್ಕ ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್‌ನ ರಸ್ತೆ, ಕರೆಂಟ್ ತಂತಿ, ಇಡ್ಲಿ ಬಂಡಿ, ಕಸದ ತೊಟ್ಟಿ. ಆ ಹೊತ್ತಿನಲ್ಲಿ ಯಾವ ಕಾಗೆಯ ಕತ್ತಿನ ಬಣ್ಣವೂ ಕಾಣದು. ಇಡ್ಲಿ ಬಂಡಿಯ ಕಡೆಯಿಂದ ಬರುವುದು ಊರುಕಾಗೆಯ ಕೂಗು: ಚಿಕ್ಕದು, ಚಪ್ಪಟೆ, ಸ್ವಲ್ಪ ಮೂಗಿನದು. 'ಕಾ, ಕಾ, ಕಾ' ಎಂದು ಒಂದರ ಮೇಲೊಂದು ಬಿದ್ದು ಬರುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು ದನಿಗೂಡಿಸಿ ಕ್ಷಣದಲ್ಲಿ ಗದ್ದಲವಾಗುತ್ತದೆ. ಬೇಲಿಯ ಒಳಗಿನಿಂದ ಬರುವ ಕಾಡುಕಾಗೆಯ ಕೂಗಿಗೆ ಅವಸರವಿಲ್ಲ. ಹಿತ್ತಾಳೆ ಕೊಡದೊಳಗೆ ಬಾಯಿಟ್ಟು ಕೂಗಿದ ಹಾಗೆ ದುಂಡಗೆ, ದಪ್ಪಗೆ 'ಖ್ರಾ…' ಎಂದು ಎಳೆದು, ತುಸು ಬಿಟ್ಟು ಮತ್ತೊಂದು. ಮೂರೋ ನಾಲ್ಕೋ ಕೂಗಿ ಸುಮ್ಮನಾಗುತ್ತದೆ. ಕೂಗುವಾಗ ಅದರ ಗಂಟಲಿನ ಗರಿಗಳು ನಿಮಿರುತ್ತವೆ, ಇಡೀ ಮೈ ಮುಂದಕ್ಕೆ ಬಾಗುತ್ತದೆ. ಬೆಳಕಾದ ಮೇಲೆ ಹತ್ತಿರದ ಕೊಂಬೆಯಲ್ಲಿ ಸಿಕ್ಕರೆ ಇದನ್ನು ಗಮನಿಸಿ ನೋಡಿ, ಆಮೇಲೆ ದನಿ ಮರೆಯುವುದಿಲ್ಲ.

ಕಾರಣ ಸರಳ. ಹಕ್ಕಿಯ ದನಿಪೆಟ್ಟಿಗೆ ನಮ್ಮ ಹಾಗೆ ಗಂಟಲಿನ ಮೇಲ್ತುದಿಯಲ್ಲಿಲ್ಲ. ಶ್ವಾಸನಾಳ ಕೆಳಗಿಳಿದು ಎರಡಾಗಿ ಒಡೆಯುವ ಕಡೆ ಇದೆ. ಮೈ ದೊಡ್ಡದಾದಷ್ಟೂ ಆ ನಾಳ ಉದ್ದ, ಅಲ್ಲಿನ ಪೊರೆಗಳು ದಪ್ಪ, ದನಿ ತಗ್ಗು. ಊರುಕಾಗೆ, ಕಾಡುಕಾಗೆ, ರೇವನ್ ಮೂರನ್ನೂ ಸಾಲಾಗಿ ಕೇಳಿಸಿಕೊಂಡರೆ ಮೈಯ ತೂಕವೇ ಕಿವಿಗೆ ಬೀಳುತ್ತದೆ. ಆದರೆ ತಗ್ಗು ದನಿ, ಏರು ದನಿ ಎಂಬುದು ಹೋಲಿಸಿ ಹೇಳುವ ಮಾತು. ಆದ್ದರಿಂದ ಮೊದಲು ಊರುಕಾಗೆಯೊಂದನ್ನೇ ಚೆನ್ನಾಗಿ ಕಿವಿಗೆ ಹಚ್ಚಿಕೊಳ್ಳಬೇಕು. ಅದು ತಿಳಿದರೆ ಮಿಕ್ಕದ್ದು ತಾನೇ ಬೇರೆಯಾಗುತ್ತದೆ.

ಕಾಡುಕಾಗೆಯ ಶಾಸ್ತ್ರೀಯ ಹೆಸರು ಹುಟ್ಟಿದ್ದೂ ನಮ್ಮ ದಖ್ಖನ್ನಿನಿಂದಲೇ. ಬೊಂಬಾಯಿ ಸೈನ್ಯದಲ್ಲಿದ್ದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಅಧಿಕಾರಿ ದಖ್ಖನ್ ಹಕ್ಕಿಗಳ ಪಟ್ಟಿಯೊಂದನ್ನು ಮಾಡಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದಿಟ್ಟ. 1832ರ ಆ ಪಟ್ಟಿಯಲ್ಲಿ ಈ ಕಾಗೆಗೆ 'ಕಾರ್ವಸ್ ಕಲ್ಮಿನೇಟಸ್' ಎಂದು ಹೆಸರಿಟ್ಟ. ಅವನ ಕಣ್ಣು ಹೋದದ್ದು ಕೊಕ್ಕಿನ ಮೇಲಿನ ಏಣಿನ ಕಡೆಗೆ, ಹೆಸರಲ್ಲಿ ಉಳಿದದ್ದೂ ಅದೇ. ಆ ಕಾಲದ ಪಕ್ಷಿಶಾಸ್ತ್ರ ನಡೆಯುತ್ತಿದ್ದುದು ಬಂದೂಕಿನಿಂದ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಚರ್ಮದಲ್ಲಿ ಕೊಕ್ಕು ಉಳಿಯುತ್ತದೆ, ರೆಕ್ಕೆ ಉಳಿಯುತ್ತದೆ, ಕೂಗು ಉಳಿಯುವುದಿಲ್ಲ.

ನೂರು ವರ್ಷದ ಮೇಲೆ ಸಲೀಂ ಅಲಿ ಇದೇ ಸೀಮೆ ಸುತ್ತಿದರು. 1931-32ರಲ್ಲಿ ಅವರು ನಡೆಸಿದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚಾಯಿತು. ನಿಜಾಮರ ಆ ಸಂಸ್ಥಾನದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಇದ್ದವು. ಹಾಗಾಗಿ ಕಲ್ಯಾಣ ಕರ್ನಾಟಕದ ಹಕ್ಕಿಗಳ ಚರಿತ್ರೆ ಬರೆಯುವವರೂ ಮೊದಲು ಬಿಚ್ಚಬೇಕಾದದ್ದು ಆ ಹೈದರಾಬಾದಿನ ಕಡತವನ್ನೇ. ಸಲೀಂ ಅಲಿ ಚರ್ಮ ಸಂಗ್ರಹಿಸಿದರೂ ಕಿವಿ ಮುಚ್ಚಿಕೊಂಡವರಲ್ಲ. ಮುಂದೆ 1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕದಲ್ಲಿ ಪ್ರತಿ ಹಕ್ಕಿಯ ವಿವರದಲ್ಲೂ ಕೂಗಿಗೆ ಜಾಗವುಂಟು.

ಕೂಗೇ ಸಾಕ್ಷಿಯಾಗಿ ಕಟಕಟೆ ಹತ್ತಿದ್ದು ಈಚೆಗೆ. ಏಷ್ಯಾದುದ್ದಕ್ಕೂ, ಭಾರತದಿಂದ ಜಪಾನಿನವರೆಗೆ, ದೊಡ್ಡ ಕೊಕ್ಕಿನ ಕಪ್ಪು ಕಾಗೆಗಳಿವೆ. ಒಂದೇ ಜಾತಿಯೋ ಹಲವೋ ಎಂಬ ತಕರಾರು ಹಳೆಯದು. ಚರ್ಮ ನೋಡಿದರೆ ಎಲ್ಲ ಕಪ್ಪು, ಅಳತೆಯಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿ. ಜರ್ಮನಿಯ ಯೋಖೆನ್ ಮಾರ್ಟೆನ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಪ್ರದೇಶದ ಈ ಕಾಗೆಗಳ ಕೂಗನ್ನು ಧ್ವನಿಮುದ್ರಿಸಿ, ಅಳೆದು, 2000ದಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೂಗನ್ನೇ ವರ್ಗೀಕರಣದ ಲಕ್ಷಣವಾಗಿ ಹಿಡಿಯಬಹುದೆಂಬುದು ಅದರ ವಾದ. ಇವತ್ತು ಕೆಲವು ಪಟ್ಟಿಗಳಲ್ಲಿ ನಮ್ಮ ಕಾಡುಕಾಗೆ ಸೈಕ್ಸ್ ಕೊಟ್ಟ ಹೆಸರಿನಲ್ಲೇ ಪ್ರತ್ಯೇಕ ಜಾತಿ. ಇನ್ನು ಕೆಲವರು ಅದನ್ನು ದೊಡ್ಡಕೊಕ್ಕಿನ ಕಾಗೆಯ ಉಪಜಾತಿಯಾಗಿಯೇ ಇಟ್ಟುಕೊಂಡಿದ್ದಾರೆ. ನನ್ನ ಮಟ್ಟಿಗೆ, ತಮ್ಮ ತಮ್ಮ ಕೂಗಿಗೆ ಓಗೊಡುವ ವಿಷಯದಲ್ಲಿ ತೀರ್ಪು ಕೊಡಬೇಕಾದವು ಕಾಗೆಗಳೇ.

ಮರ್ಲಿನ್ ಎಂಬ ಆ್ಯಪ್ ಇರುವಾಗ ಇಷ್ಟೆಲ್ಲ ಕಷ್ಟ ಏಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಒಳ್ಳೆಯ ಆ್ಯಪ್ ಅದು, ನಾನೂ ಬಳಸುತ್ತೇನೆ. ಆದರೆ ಪಂಜಗುಟ್ಟದ ಟ್ರಾಫಿಕ್ಕಿನಲ್ಲಿ ಫೋನು ಹಿಡಿದು ನಿಂತರೆ ಅದಕ್ಕೆ ಸಿಗುವುದು ಹಾರ್ನ್‌ಗಳ ನಡುವಿನ ಅರ್ಧ ಕೂಗು. ಹೆಸರು ತೋರಿಸಿತೆಂದು ಅಷ್ಟಕ್ಕೇ ಬರೆದುಕೊಂಡುಬಿಡಬಾರದು. ಹಕ್ಕಿಯನ್ನು ಕಣ್ಣಾರೆ ಕಂಡು, ಕಂಡ ಹಕ್ಕಿಯ ಬಾಯಿ ತೆರೆಯುವುದಕ್ಕೂ ಕಿವಿಗೆ ಬಿದ್ದ ದನಿಗೂ ತಾಳೆ ಹಾಕಿ ಆಮೇಲೆ ಒಪ್ಪಿಕೊಳ್ಳಿ.

ತಾಳೆ ಹಾಕುವಾಗಲೂ ಮೋಸ ಹೋಗುವ ಜಾಗಗಳಿವೆ. ಗುಟುಕಿಗಾಗಿ ಬಾಯಿ ಬಿಡುವ ಕಾಡುಕಾಗೆಯ ಮರಿಯ ದನಿ ತೆಳು, ಮೂಗಿನದು. ಕಣ್ಣು ಮುಚ್ಚಿ ಕೇಳಿದರೆ ಊರುಕಾಗೆ ಎನಿಸುತ್ತದೆ. ಮರಿಯಾದರೆ ಬಾಯೊಳಗೆ ಕೆಂಪು ಕಾಣುತ್ತದೆ, ರೆಕ್ಕೆ ಅದುರಿಸುತ್ತದೆ. ದೊಡ್ಡ ಕಾಡುಕಾಗೆಯೂ ಬರೀ ಖ್ರಾ ಎಂದು ಕೂತಿರುವುದಿಲ್ಲ. ಗಂಟಲಲ್ಲೇ ಗುಟುರು ಹಾಕುತ್ತದೆ, ಒಮ್ಮೊಮ್ಮೆ ಮರಕುಟಿಗ ಒಣಮರ ಬಡಿಯುವಂಥ ದನಿಯನ್ನೂ ಹೊರಡಿಸುತ್ತದೆ. ಊರುಕಾಗೆಯ ವಿಷಯದಲ್ಲಿ ಅನೇಕರಿಗೆ ಗೊತ್ತಿಲ್ಲದ್ದು ಅದರ ಪಿಸುಮಾತು. ಮಧ್ಯಾಹ್ನದ ಹೊತ್ತು ಜೋಡಿ ಕಾಗೆಗಳು ನೀರಿನ ಟ್ಯಾಂಕಿನ ನೆರಳಲ್ಲಿ ಒತ್ತಿ ಕೂತು, ಒಂದು ತಲೆ ಬಗ್ಗಿಸಿ ಕೊಡುತ್ತದೆ, ಇನ್ನೊಂದು ಅದರ ನೆತ್ತಿಯ ಗರಿ ಕೆದರಿ ಹೇನು ನೋಡುತ್ತದೆ. ಆಗ ಹೊರಡುವ 'ಕುರ್‌ರ್' ಎಂಬ ಮೆದು ದನಿ ಕಾಗೆಯದೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಜೀವಮಾನವಿಡೀ ಕಾಗೆಯ ಚಿತ್ರ ಬರೆದದ್ದು ಏಕೆಂದು ಆ ಜೋಡಿಯನ್ನು ನೋಡಿದ ಮೇಲೆ ಕೇಳಬೇಕಾಗಿಲ್ಲ.

ಹೈದರಾಬಾದಿನ ಮೇ ತಿಂಗಳಲ್ಲಿ ಕಾಗೆಗಳು ಬಾಯಿ ತೆರೆದು ಕೂತಿರುತ್ತವೆ, ದನಿಯೇ ಇರುವುದಿಲ್ಲ. ಗಂಟಲು ಕಟ್ಟಿದೆಯೆಂದು ಮರುಗುವವರುಂಟು. ಅದು ನಾಯಿ ಏದುಸಿರು ಬಿಡುವ ಕೆಲಸವೇ. ಬೆವರುಗ್ರಂಥಿ ಇಲ್ಲದ ಹಕ್ಕಿ ಬಾಯಿ ಮೂಲಕ ಮೈಯ ಕಾವು ಇಳಿಸಿಕೊಳ್ಳುತ್ತದೆ. ಒಂದು ಅಗಲ ತಟ್ಟೆಯಲ್ಲಿ ನೀರಿಡಿ, ಸಾಕು. ಅದೇ ಬೇಸಿಗೆಯಲ್ಲಿ ಊರುಕಾಗೆ ಗೂಡು ಕಟ್ಟುತ್ತದೆ, ಕೋಗಿಲೆ ಅದರೊಳಗೆ ಮೊಟ್ಟೆಯಿಡಲು ಹೊಂಚುತ್ತದೆ. ಗಂಡು ಕೋಗಿಲೆಯೂ ಪೂರ್ತಿ ಕಪ್ಪು, ಆದರೆ ಕಣ್ಣು ಕೆಂಪು. ಅದು ಕೂಗಿದ ಕೂಡಲೇ ಕಾಗೆ ದಂಪತಿ ಅಟ್ಟಿಸಿಕೊಂಡು ಹೋಗುತ್ತದೆ, ಆಗಿನ ಊರುಕಾಗೆಯ ಕೂಗು ತುಂಡುತುಂಡಾಗಿ, ಕರ್ಕಶವಾಗಿ, ಎಂದಿಗಿಂತ ಬೇಗ ಬೇಗ ಬರುತ್ತದೆ. ಹದ್ದು ಬಂದರೂ, ಶಿಕ್ರಾ ಬಂದರೂ ಇದೇ ರಾಗ. ಇನ್ನು ಪೊದೆಯೊಳಗಿಂದ 'ಊಪ್ ಊಪ್' ಎಂದು ಆಳದ ದನಿ ಕೇಳಿ, ಇದಂತೂ ರೇವನ್ನೇ ಸರಿ ಎಂದುಕೊಂಡರೆ, ಅದು ಕೆಂಬೂತ. ಕಾಗೆಯ ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಕೋಗಿಲೆಯ ನೆಂಟ.

ಕಾಗೆ ಏಕೆ ಕೂಗುತ್ತದೆ ಎಂಬ ಪ್ರಶ್ನೆಗೆ ದಖ್ಖನ್ನಿನಲ್ಲಿ ಬಹಳ ಹಳೆಯ ಉತ್ತರವಿದೆ. ಒಂದು ಅಗುಳು ಕಂಡರೂ ಬಳಗವನ್ನೆಲ್ಲ ಕರೆಯುವ ಕಾಗೆಯನ್ನು ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ತಮ್ಮ ವಚನದಲ್ಲಿ ಮನುಷ್ಯನ ಮುಂದೆ ತಂದು ನಿಲ್ಲಿಸಿದರು. ಅವರು ಬಾಳಿದ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲಿದೆ, ಹೈದರಾಬಾದಿನಿಂದ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪಬಹುದು. ಹೊಟ್ಟೆ ಹಸಿದ ಹಕ್ಕಿ ಸಿಕ್ಕಿದ್ದನ್ನು ತಾನೇ ನುಂಗದೆ ಕೂಗಿ ಕರೆಯುವುದು ವಿಜ್ಞಾನಿಗಳಿಗೂ ಒಗಟೇ. 1980ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ ಬರ್ನ್ಡ್ ಹೈನ್ರಿಶ್ ಎಂಬ ಜೀವಶಾಸ್ತ್ರಜ್ಞ ಹಿಮದ ಮೇಲೆ ಸತ್ತ ಪ್ರಾಣಿಗಳನ್ನು ಹಾಕಿ, ಕೊರೆಯುವ ಚಳಿಯಲ್ಲಿ ಅಡಗಿ ಕೂತು, ರೇವನ್‌ಗಳು ಏಕೆ ಕೂಗಿ ಕರೆಯುತ್ತವೆಂದು ಕಾದು ನೋಡಿದ. 1989ರಲ್ಲಿ 'ರೇವನ್ಸ್ ಇನ್ ವಿಂಟರ್' ಎಂಬ ಪುಸ್ತಕ ಬರೆದ. ಅವನಿಗೆ ಸಿಕ್ಕ ಉತ್ತರ ಇದು: ಕರೆಯುವವು ಸ್ವಂತ ನೆಲೆಯಿಲ್ಲದ ಎಳೆಯ ರೇವನ್‌ಗಳು. ಆ ಜಾಗಕ್ಕೆ ಯಜಮಾನಿಕೆ ನಡೆಸುವ ಜೋಡಿ ಒಬ್ಬಂಟಿಯನ್ನು ಸುಲಭವಾಗಿ ಓಡಿಸುತ್ತದೆ. ಗುಂಪು ಸೇರಿದರೆ ಜೋಡಿಯ ಆಟ ನಡೆಯದು, ಎಲ್ಲರಿಗೂ ಊಟ. ದಾಸೋಹದಲ್ಲಿ ಸ್ವಾರ್ಥವೂ ಇದೆಯೆಂದು ಬೇಸರಪಡಬೇಕಾಗಿಲ್ಲ. ಹಂಚಿಕೊಂಡದ್ದಂತೂ ಸುಳ್ಳಲ್ಲವಲ್ಲ.

ಕಾಡುಕಾಗೆಯ ಕರೆಯನ್ನು ಬಲ್ಲ ಮನುಷ್ಯರು ಅದರಿಂದ ಲಾಭ ಪಡೆದದ್ದೂ ಉಂಟು. ಕಾಡಿನಲ್ಲಿ ಹುಲಿ, ಚಿರತೆ ಬೇಟೆಯಾಡಿ ಪೊದೆಯಲ್ಲಿ ಮುಚ್ಚಿಟ್ಟ ಪ್ರಾಣಿಯನ್ನು ಮೊದಲು ಪತ್ತೆ ಮಾಡುವುದು ಈ ಕಾಗೆಯೇ. ಮರದ ಮೇಲೆ ಕೂತು ಅದು ಕೂಗುವ ದಿಕ್ಕು ಹಿಡಿದು ಹಳೆಯ ಶಿಕಾರಿಗಳು ಹೋಗುತ್ತಿದ್ದರು. ನಲ್ಲಮಲದಂಥ ಹುಲಿ ಕಾಡಿನಲ್ಲಿ ಆ ದನಿಗೆ ಇವತ್ತಿಗೂ ಬೆಲೆ ಇದೆ.

ಎಷ್ಟು ಸಲ ಕೂಗಿತು ಎಂದು ಎಣಿಸುವ ನಮ್ಮ ಅಜ್ಜಿಯರ ಅಭ್ಯಾಸಕ್ಕೂ ಈಗ ಒಂದು ಜೊತೆ ಸಿಕ್ಕಿದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಮೂರು ಕಾಗೆಗಳಿಗೆ ತರಬೇತಿ ಕೊಟ್ಟು, ಸೂಚನೆಗೆ ತಕ್ಕಂತೆ ಒಂದರಿಂದ ನಾಲ್ಕರವರೆಗೆ ಲೆಕ್ಕ ಇಟ್ಟು ಕೂಗುವಂತೆ ಮಾಡಿದರು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕಾಗೆ ಒಟ್ಟು ಎಷ್ಟು ಕೂಗಲಿದೆ ಎಂಬುದರ ಸುಳಿವು ಮೊದಲ ಕೂಗಿನಲ್ಲೇ ಇತ್ತಂತೆ. ಅವು ಯುರೋಪಿನ ಕಾಗೆಗಳು. ನಮ್ಮ ಬೊಂತಕಾಕಿಯನ್ನು ಯಾರೂ ಹಾಗೆ ಕೂರಿಸಿ ಕೇಳಿದ್ದನ್ನು ನಾನು ಓದಿಲ್ಲ.

ಕೂಗು ಕೇಳಿ ಅರ್ಥ ಹೇಳುವ ವಿದ್ಯೆ ಬೇರೆ ದಾರಿಯಲ್ಲೂ ಬೆಳೆಯಿತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಾಗೆಯ ಕೂಗಿಗೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕನ್ನಡದಲ್ಲಿ ಬಂದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆ, ಕೃಷಿ, ವೈದ್ಯದ ಜೊತೆಗೆ ಶಕುನಕ್ಕೂ ಜಾಗ ಸಿಕ್ಕಿತು. ಮಾಳಿಗೆಯ ಮೇಲೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದು ಈಗಲೂ ಒಂದು ಲೋಟ ಅಕ್ಕಿ ಹೆಚ್ಚಿಗೆ ಹಾಕುವ ಮನೆಗಳು ಹೈದರಾಬಾದಿನ ಕನ್ನಡಿಗರಲ್ಲಿವೆ. ಶಕುನದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಶಕುನ ನಂಬಿದವರು ದಿಕ್ಕು, ಹೊತ್ತು, ದನಿಯ ಏರಿಳಿತ ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಿದ್ದರು. ನಂಬದ ನಾವು ಕೇಳುವುದನ್ನೇ ಬಿಟ್ಟೆವು.

ವರ್ಷಕ್ಕೊಮ್ಮೆ ಮಾತ್ರ ಇಡೀ ನಗರ ಕಾಗೆಯ ಕೂಗಿಗೆ ಕಿವಿ ನಿಮಿರಿಸುತ್ತದೆ. ನಾವು ಮಹಾಲಯ ಅಮಾವಾಸ್ಯೆ ಎನ್ನುವ ದಿನ ತೆಲಂಗಾಣದವರಿಗೆ ಪೆತ್ರಮಾಸ. ಸಂಜೆ ಬತುಕಮ್ಮ ಹಬ್ಬ ಶುರು, ಬೆಳಗ್ಗೆ ಹಿರಿಯರಿಗೆ ಎಡೆ. ಅಂದು ಹನ್ನೆರಡನೇ ಅಂತಸ್ತಿನ ಬಾಲ್ಕನಿಯಲ್ಲಿ ಬಾಳೆಯೆಲೆ ಹಿಡಿದು "ಕಾ ಕಾ" ಎಂದು ಕರೆಯುವವರನ್ನು ನೋಡಬೇಕು. ಬೂದುಕತ್ತಿನದೇ ಬರಬೇಕೋ ಪೂರ್ತಿ ಕಪ್ಪಿನದೂ ಆಗಬಹುದೋ ಎಂದು ಪುರೋಹಿತರನ್ನು ಕೇಳುವವರೂ ಇದ್ದಾರೆ. ಹಿರಿಯರು ಅಷ್ಟೊಂದು ಪಂಕ್ತಿಭೇದ ಮಾಡಲಾರರು ಎಂದು ನನ್ನ ಅನಿಸಿಕೆ.

ಪಂಕ್ತಿಭೇದ ಮಾಡಿದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಲಿ, ಹೆಗ್ಗಣ, ಬಾವಲಿಗಳ ಜೊತೆ ಸಾಮಾನ್ಯ ಕಾಗೆಯನ್ನೂ ಉಪದ್ರವಕಾರಿ ಎಂದು ಸೇರಿಸಿದ್ದರು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಹಡಗೇರಿ ಆಫ್ರಿಕಾ ಸೇರಿದ ನಮ್ಮ ಊರುಕಾಗೆಗೆ ಅಲ್ಲಿ ಮಾತ್ರ ಗ್ರಹಚಾರ ಬಿಟ್ಟಿಲ್ಲ. ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆಯನ್ನು ಕೀನ್ಯಾ ಸರ್ಕಾರ 2024ರಲ್ಲಿ ಪ್ರಕಟಿಸಿತು.

ಹಕ್ಕಿ ನೋಡುವವರೂ ಕಾಗೆಗೆ ನ್ಯಾಯ ಮಾಡಿಲ್ಲ. ಹೈದರಾಬಾದಿನಲ್ಲಿ ಹಕ್ಕಿ ಹುಚ್ಚಿಗೇನೂ ಬರವಿಲ್ಲ. ಹಿಂದೆ ಬರ್ಡ್‌ವಾಚರ್ಸ್ ಸೊಸೈಟಿ ಆಫ್ ಆಂಧ್ರಪ್ರದೇಶ ಎಂದಿದ್ದ ಡೆಕ್ಕನ್ ಬರ್ಡರ್ಸ್ ಬಳಗ ಇಲ್ಲಿದೆ, ಆಶೀಷ್ ಪಿಟ್ಟಿ ಅವರ ಸಂಪಾದಕತ್ವದಲ್ಲಿ ಬೆಳೆದ 'ಇಂಡಿಯನ್ ಬರ್ಡ್ಸ್' ಪತ್ರಿಕೆಯ ಊರೂ ಇದೇ. ಆದರೂ ಅಮೀನ್‌ಪುರ ಕೆರೆಗೋ ಗಂಡಿಪೇಟೆಗೋ ಹೋದವರು ಬಾತುಕೋಳಿಯ ಲೆಕ್ಕವನ್ನು ಒಂದೂ ಬಿಡದೆ ಬರೆಯುತ್ತಾರೆ, ತಲೆಯ ಮೇಲೆ ಕೂಗುವ ಕಾಗೆಯನ್ನು ಬಿಟ್ಟುಬಿಡುತ್ತಾರೆ. ಬರೆದರೂ 'ಕಾಗೆ' ಅಷ್ಟೇ. ಯಾವುದು, ಎಷ್ಟು ಎಂಬುದಿಲ್ಲ.

ಇದು ಬರೀ ಶಿಸ್ತಿನ ಮಾತಲ್ಲ. 2020ರ ಡಿಸೆಂಬರ್ ಕೊನೆಯಲ್ಲಿ ರಾಜಸ್ಥಾನದ ಝಾಲಾವಾಡದಲ್ಲಿ ಕಾಗೆಗಳು ಮರದಡಿ ಸತ್ತು ಬೀಳತೊಡಗಿದವು. ಪರೀಕ್ಷೆಯಲ್ಲಿ ಎಚ್5ಎನ್8 ಹಕ್ಕಿಜ್ವರ ಎಂದು ಗೊತ್ತಾಯಿತು. 2021ರ ಜನವರಿ ಹೊತ್ತಿಗೆ ಹಲವು ರಾಜ್ಯಗಳಲ್ಲಿ ಎಚ್ಚರಿಕೆ ಹೊರಟಿತು. ರೋಗದ ಸುದ್ದಿಯನ್ನು ಮೊದಲು ತಂದದ್ದು ಕಾಗೆ. ಒಂದು ಬಡಾವಣೆಯಲ್ಲಿ ಸಾಮಾನ್ಯವಾಗಿ ಎಷ್ಟು ಊರುಕಾಗೆ, ಎಷ್ಟು ಕಾಡುಕಾಗೆ ಕೂಗುತ್ತವೆಂದು ಬಲ್ಲವರಿಗೆ ಮಾತ್ರ ಒಂದು ದನಿ ಕಡಿಮೆಯಾದದ್ದು ತಿಳಿಯುತ್ತದೆ. ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು: ನಿಮ್ಮ ಬೀದಿಯ ಎರಡೂ ಕಾಗೆಗಳ ದನಿ ಗುರುತು ಮಾಡಿಕೊಳ್ಳಿ, ಹಕ್ಕಿಗಳ ಪಟ್ಟಿ ಬರೆಯುವವರಾದರೆ ಎರಡನ್ನೂ ಬೇರೆ ಬೇರೆ ಬರೆಯಿರಿ. ಒಂದೇ ಕಡೆ ನಾಲ್ಕಾರು ಕಾಗೆಗಳು ಸತ್ತು ಬಿದ್ದದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಸತ್ತದ್ದು ಯಾವ ಕಾಗೆ ಎಂಬುದನ್ನೂ ಮರೆಯದೆ ಹೇಳಿ.